ಜೂಜೂ ಸಂಸಾರವೂ

ಮನೆಯ ಯಜಮಾನನು ಕುಡಿದು ಬಂದರೆ ಹೊಸ್ತಿಲು ದಾಟುವ ಮೊದಲೇ ಮನೆಯವರಿಗೆ ತಿಳಿದುಹೋಗುವುದು. ನಡಿಗೆಯು ಹೇಳುವುದು, ನಾಲಗೆಯು ಹೇಳುವುದು, ಉಸಿರೇ ಹೇಳುವುದು. ಜೂಜಿಗೆ ಇಂತಹ ಗುರುತು ಯಾವುದೂ ಇಲ್ಲ. ಜೂಜುಗಾರನು ಸ್ನಾನಮಾಡಿ, ಹಣೆಗೆ ಗಂಧವಿಟ್ಟು, ಮಕ್ಕಳ ಲೆಕ್ಕದ ಪುಸ್ತಕವನ್ನು ತಿದ್ದಿ, ಎಲ್ಲರೊಡನೆ ಸಾಲಿನಲ್ಲಿ ಕುಳಿತು ಊಟಮಾಡುತ್ತಿರುವನು. ಅಷ್ಟರಲ್ಲಿ ಅವನ ಸಂಸಾರವು ಗಿರವಿಯ ಅಂಗಡಿಯನ್ನು ಸೇರಿರುವುದು. ಈ ಕಾರಣದಿಂದಲೇ ಜೂಜಿನ ಕೇಡು ಬೆಳಕಿಗೆ ಬರುವ ವೇಳೆಗೆ ಬಹುಪಾಲು ನಷ್ಟವು ಆಗಿಹೋಗಿರುತ್ತದೆ. ಅದನ್ನು ಬೇಗನೆ ಗುರುತಿಸುವ ಬಗೆ ಯಾವುದು, ಗುರುತಿಸಿದ ಬಳಿಕ ಮನೆಯವರು ಮಾಡತಕ್ಕುದೇನು, ಮಾಡಬಾರದುದೇನು ಎಂಬ ವಿಷಯವಾಗಿ ನಮ್ಮ ವಾಚಕರೊಡನೆ ಈ ತಿಂಗಳು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ನಾವು ಹತ್ತಿರದಿಂದ ಬಲ್ಲ ಒಂದು ಸಂಸಾರದ ಸಂಗತಿಯಿಂದ ಆರಂಭಿಸುವೆವು. ಊರಿನ ಹೆಸರೂ ಮನೆತನದ ಹೆಸರೂ ಇಲ್ಲಿ ಅನಾವಶ್ಯಕ. ಹಿರಿಯರು ಪಾಠಶಾಲೆಯ ಉಪಾಧ್ಯಾಯರಾಗಿದ್ದು ವಿಶ್ರಾಂತಿವೇತನ ಪಡೆಯುತ್ತಿರುವವರು. ಮಗನು ಗುಮಾಸ್ತೆ. ಅವನಿಗೆ ಕುಡಿತವಿಲ್ಲ, ಹೊಗೆಸೊಪ್ಪಿಲ್ಲ. ಸಂಜೆಯಾದರೆ ನೇರವಾಗಿ ಮನೆ. ಇಂತಹ ಅಳಿಯ ಸಿಕ್ಕಿದನೆಂದು ಸೊಸೆಯ ತೌರಿನವರು ಹೆಮ್ಮೆಪಡುತ್ತಿದ್ದರು. ಒಂದು ವರ್ಷ ವರಮಹಾಲಕ್ಷ್ಮಿಯ ವ್ರತದ ಹಿಂದಿನ ದಿನ ಸೊಸೆಯು ತನ್ನ ಎರಡೆಳೆಯ ಸರವನ್ನು ದೇವಿಗೆ ಹಾಕಬೇಕೆಂದು ಬೀರುವನ್ನು ತೆಗೆದಳು. ಡಬ್ಬಿಯಿತ್ತು, ಡಬ್ಬಿಯೊಳಗಿನ ಹತ್ತಿಯಿತ್ತು, ಸರವಿರಲಿಲ್ಲ. ಗಂಡನನ್ನು ಕೇಳಿದಳು, ಮೆರುಗು ಹಾಕಿಸಲು ಕೊಟ್ಟಿದ್ದೇನೆಂದನು. ಮೂರು ದಿನಗಳ ಬಳಿಕ ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಗಿರವಿಯ ಚೀಟಿಯು ಸಿಕ್ಕಿತು. ಮೊಬೈಲಿನಲ್ಲಿ ರಮ್ಮಿಯಾಟ, ಅದರ ನಷ್ಟವನ್ನು ತುಂಬಲು ಕ್ರಿಕೆಟ್ಟಿನ ಮೇಲೆ ಪಂದ್ಯ, ಆ ನಷ್ಟವನ್ನು ತುಂಬಲು ಸಾಲ, ಸಾಲದ ಬಡ್ಡಿಗೆ ಮತ್ತೊಂದು ಸಾಲ: ಹೀಗೆ ಎರಡು ವರ್ಷಗಳ ಕಥೆಯು ಒಂದೇ ರಾತ್ರಿಯಲ್ಲಿ ಹೊರಬಿದ್ದಿತು.

ತಂದೆಯವರು ಮೊಮ್ಮಗಳ ವಿದ್ಯಾಭ್ಯಾಸಕ್ಕೆಂದು ಬ್ಯಾಂಕಿನಲ್ಲಿಟ್ಟಿದ್ದ ಠೇವಣಿಯನ್ನು ಮುರಿದು ಸಾಲವನ್ನೆಲ್ಲ ತೀರಿಸಿದರು. ಸರವೂ ಮನೆಗೆ ಬಂದಿತು. ಮಗನು ದೇವರ ದೀಪವನ್ನು ಮುಟ್ಟಿ ಇನ್ನು ಆಡೆನೆಂದನು. ಆ ಮಾತನ್ನು ಮನೆಯಲ್ಲಿ ಇನ್ನಾರೂ ಎತ್ತಕೂಡದೆಂದು ನಿರ್ಣಯವಾಯಿತು. ಹತ್ತು ತಿಂಗಳು ಕಳೆಯುವುದರೊಳಗಾಗಿ, ಜೊತೆಯಲ್ಲಿ ಕೆಲಸಮಾಡುವವನೊಬ್ಬನು ಬಾಗಿಲಿಗೆ ಬಂದು ತನ್ನ ಹಣವನ್ನು ಕೇಳಿದನು. ಸರವು ಮತ್ತೆ ಹೋಗಿತ್ತು. ಈ ಸಲ ಸಾಲವು ಮೊದಲಿನದಕ್ಕಿಂತ ದೊಡ್ಡದು. ಹಿರಿಯರು ಪಿತ್ರಾರ್ಜಿತವಾದ ಒಂದೂವರೆ ಎಕರೆ ಅಡಿಕೆಯ ತೋಟವನ್ನು ಮಾರುವುದೆಂದು ನಿಶ್ಚಯಿಸಿದರು. ಆಗ ಅತ್ತೆಮಾವಂದಿರೆದುರಿಗೆ ಅದುವರೆಗೆ ತಲೆಯೆತ್ತಿ ಮಾತನಾಡದಿದ್ದ ಸೊಸೆಯು, “ಮಾವ, ತೋಟ ಮಾರಬೇಡಿ. ಹೋದ ಸಲ ಸಾಲ ತೀರಿತು, ಅವರ ಆಟ ತೀರಲಿಲ್ಲ” ಎಂದಳು. ಅತ್ತೆಯು ಸಹಿಸಲಾರದೆ, “ಹಾಗಾದರೆ ನನ್ನ ಮಗ ಬೀದಿಯಲ್ಲಿ ಮಾನ ಕಳೆದುಕೊಳ್ಳಲೇನಮ್ಮ?” ಎಂದು ಅತ್ತರು. ಇಬ್ಬರ ಮಾತಿನಲ್ಲಿಯೂ ನ್ಯಾಯವಿದ್ದಿತು. ಹಿರಿಯರು ಮಾರನೆಯ ದಿನ ನಮ್ಮಲ್ಲಿಗೆ ಬಂದು, ಯಾರ ಮಾತು ನಡೆಯಬೇಕೆಂದು ಕೇಳಿದರು. ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ತಿಳಿದವರನ್ನು ಕೇಳಿಯೂ ಗ್ರಂಥಗಳನ್ನು ನೋಡಿಯೂ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಈ ವ್ಯಾಧಿಯು ಮೊಬೈಲಿನೊಡನೆ ಹುಟ್ಟಿದುದಲ್ಲ. ಋಗ್ವೇದದ ಹತ್ತನೆಯ ಮಂಡಲದ ೩೪ನೆಯ ಸೂಕ್ತವು ಒಬ್ಬ ಜೂಜುಗಾರನ ಗೋಳೇ ಆಗಿದೆ. ಹೆಂಡತಿಯು ದೂರವಾದುದು, ಅತ್ತೆಯು ದ್ವೇಷಿಸುವುದು, ತಂದೆತಾಯಿಗಳೂ ಒಡಹುಟ್ಟಿದವರೂ ಇವನನ್ನು ಅರಿಯೆವೆಂದು ಮುಖ ತಿರುಗಿಸುವುದು, ಇನ್ನು ಆಡಲಾರೆನೆಂದುಕೊಂಡವನೇ ದಾಳಗಳ ಸದ್ದನ್ನು ಕೇಳಿದೊಡನೆ ಅತ್ತ ಓಡುವುದು ಇವೆಲ್ಲವೂ ಅದರಲ್ಲಿ ಬಂದಿವೆ. ಇಂದಿನ ಮನೋವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕೆ ಆ ಸೂಕ್ತದಲ್ಲಿಯೇ ಉತ್ತರವುಂಟು.

ಮಹಾಭಾರತದ ಸಭಾಪರ್ವದಲ್ಲಿ ನಮ್ಮ ಜನರು ಸಾಮಾನ್ಯವಾಗಿ ಮರೆತುಬಿಡುವ ಭಾಗವೊಂದಿದೆ. ಧರ್ಮರಾಯನು ಜೂಜಾಡಿದುದು ಒಂದು ಸಲವಲ್ಲ, ಎರಡು ಸಲ. ಮೊದಲನೆಯ ಆಟದಲ್ಲಿ ರಾಜ್ಯವನ್ನೂ ತಮ್ಮಂದಿರನ್ನೂ ತನ್ನನ್ನೂ ದ್ರೌಪದಿಯನ್ನೂ ಸೋತ ಮೇಲೆ, ಧೃತರಾಷ್ಟ್ರನು ದ್ರೌಪದಿಗೆ ವರಗಳನ್ನಿತ್ತು, ಸೋತುದೆಲ್ಲವನ್ನೂ ಹಿಂದಕ್ಕೆ ಕೊಟ್ಟು ಕಳುಹಿಸಿದನು. ಸಾಲವು ಸಂಪೂರ್ಣವಾಗಿ ತೀರಿದಂತಾಯಿತು. ಆದರೂ ಇಂದ್ರಪ್ರಸ್ಥದ ಹಾದಿಯಲ್ಲಿ ಮರಳಿ ಕರೆ ಬಂದೊಡನೆ ಅವನು ಹಿಂದಿರುಗಿ ಬಂದು ಆಡಿದನು. ಹನ್ನೆರಡು ವರ್ಷಗಳ ವನವಾಸವೂ ಒಂದು ವರ್ಷದ ಅಜ್ಞಾತವಾಸವೂ ಪ್ರಾಪ್ತವಾದುವು. ಧರ್ಮವನ್ನು ಆತನಿಗಿಂತ ಹೆಚ್ಚಾಗಿ ಬಲ್ಲವರಾರು? ಜೂಜಿನ ವಿಷಯದಲ್ಲಿ ತಿಳಿವಳಿಕೆಯೂ ಸದ್ಗುಣವೂ ಸಾಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ನಷ್ಟವನ್ನು ಬೇರೆಯವರು ತುಂಬಿಕೊಟ್ಟ ಮಾತ್ರಕ್ಕೆ ಜೂಜು ಬಿಡುವುದಿಲ್ಲವೆಂಬುದನ್ನೂ ಆ ಕಥೆಯು ಸ್ಪಷ್ಟವಾಗಿ ಹೇಳುತ್ತಿದೆ.

ಹಾಗೆಂದು ಆಟವಾಡಿದವರೆಲ್ಲರೂ ರೋಗಿಗಳೆಂದು ನಾವು ಹೇಳಲಾರೆವು. ಬಲಿಪಾಡ್ಯಮಿಯ ದಿನ ಶಾಸ್ತ್ರಕ್ಕೆಂದು ಪಗಡೆಯ ದಾಳ ಹಾಕುವವರುಂಟು. ಮದುವೆಯ ಮನೆಯಲ್ಲಿ ರಾತ್ರಿ ಕಳೆಯಲು ನಾಲ್ಕಾಣೆಯ ಇಸ್ಪೀಟು ಆಡಿ, ಬೆಳಗಾದರೆ ಮರೆತುಬಿಡುವವರೂ ಉಂಟು. ಆಟಕ್ಕೆ ಇಷ್ಟು ಹಣ, ಇಷ್ಟು ಹೊತ್ತು ಎಂದು ಮೊದಲೇ ನಿಯಮಿಸಿಕೊಂಡು, ಸೋತರೆ ಎದ್ದು ಬರಬಲ್ಲವನ ವಿಷಯ ಬೇರೆ. ಸೋತ ಮೇಲೆಯೇ ಹೆಚ್ಚು ಬಿಗಿಯಾಗಿ ಕುಳಿತುಕೊಳ್ಳುವವನ ವಿಷಯ ಬೇರೆ. ಈ ಎರಡನೆಯ ಬಗೆಯನ್ನು ಅಮೆರಿಕದ ಮನೋವೈದ್ಯರ ಸಂಘವು ೧೯೮೦ ರಲ್ಲಿ ರೋಗಗಳ ಪಟ್ಟಿಗೆ ಸೇರಿಸಿತು. ೨೦೧೩ ರಲ್ಲಿ ಆ ಪಟ್ಟಿಯನ್ನು ಪರಿಷ್ಕರಿಸಿದಾಗ ಇದನ್ನು ಮದ್ಯ ಅಫೀಮುಗಳ ಚಟದೊಡನೆ ಒಂದೇ ಅಧ್ಯಾಯದಲ್ಲಿ ಇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ ರಿಂದ ಬಳಕೆಗೆ ತಂದ ರೋಗಗಳ ವರ್ಗೀಕರಣದಲ್ಲಿಯೂ ಜೂಜಿನ ವ್ಯಾಧಿಗೆ ಪ್ರತ್ಯೇಕ ಸ್ಥಾನವಿದೆ.

ಹೊಟ್ಟೆಗೆ ಏನನ್ನೂ ಸೇವಿಸದೆ ಚಟವು ಹೇಗೆ ಹತ್ತುವುದೆಂದು ಕೆಲವರು ಕೇಳಬಹುದು. ಪ್ರತಿಸಲವೂ ಗೆದ್ದರೆ ಆಟವು ಬೇಸರವಾಗುವುದು. ಎಂದೂ ಗೆಲ್ಲದಿದ್ದರೆ ಜನರು ಬಿಟ್ಟುಬಿಡುವರು. ಯಾವಾಗ ಗೆಲುವೆನೆಂದು ತಿಳಿಯದ ಹಾಗೆ ಆಗೊಮ್ಮೆ ಈಗೊಮ್ಮೆ ಗೆದ್ದರೆ, ಆ ಅಭ್ಯಾಸವು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರುವುದೆಂದು ಮನಶ್ಶಾಸ್ತ್ರಜ್ಞರು ಪ್ರಯೋಗಗಳಿಂದ ತೋರಿಸಿದ್ದಾರೆ. ಕೂದಲೆಳೆಯಷ್ಟರಲ್ಲಿ ತಪ್ಪಿದ ಗೆಲುವು ಸೋಲೇ ಆದರೂ, ಆಡುವವನ ಮನಸ್ಸು ಅದನ್ನು ಗೆಲುವಿನ ನೆರೆಮನೆಯೆಂದೇ ಎಣಿಸುವುದು. ಇದರ ಜೊತೆಗೆ ಲೆಕ್ಕದ ಭ್ರಮೆಯೊಂದುಂಟು. ೧೯೧೩ನೆಯ ಆಗಸ್ಟ್ ೧೮ ರಂದು ಮಾಂಟೆ ಕಾರ್ಲೊ ನಗರದ ಜೂಜುಮನೆಯಲ್ಲಿ ತಿರುಗುವ ಚಕ್ರದ ಗುಂಡು ೨೬ ಸಲ ಒಂದೇ ಸಮನೆ ಕಪ್ಪು ಮನೆಯಲ್ಲಿ ನಿಂತಿತು. ಇಷ್ಟು ಸಲ ಕಪ್ಪಾದ ಮೇಲೆ ಇನ್ನು ಕೆಂಪೇ ಬರತಕ್ಕುದೆಂದು ಜನರು ಸಲಸಲಕ್ಕೂ ಹೆಚ್ಚು ಹಣ ಕಟ್ಟಿ ಕೈತೊಳೆದುಕೊಂಡರು. ಹಿಂದಿನ ಸಲ ಬಿದ್ದುದು ಯಾವುದೆಂಬ ನೆನಪು ಗುಂಡಿಗಿಲ್ಲ. ಆ ನೆನಪಿರುವುದು ಆಡುವವನಿಗೆ ಮಾತ್ರ. ಕಳೆದುಕೊಂಡ ಹಣವನ್ನು ಅಲ್ಲಿಯೇ ಹುಡುಕಿಕೊಂಡು ಹೋಗುವ ಹುಚ್ಚಿನ ಬೇರು ಇಲ್ಲಿದೆ.

ಇನ್ನು ಗುರುತಿಸುವ ವಿಷಯ. ಅಕ್ಕಿಯನ್ನು ಕೇರುವಾಗ ಮೊರವು ಕಲ್ಲನ್ನು ಒಂದು ಕಡೆಗೆ ತರುವುದೇ ಹೊರತು, ಅದು ಕಲ್ಲೋ ಗಟ್ಟಿ ಕಾಳೋ ಎಂದು ಕೈಯಿಂದಲೇ ನೋಡಬೇಕು. ವೈದ್ಯರು ಸಿದ್ಧಪಡಿಸಿರುವ ಪ್ರಶ್ನಾವಳಿಗಳೂ ಅಂತಹವೇ. ಅವು ರೋಗವನ್ನು ನಿರ್ಣಯಿಸಲಾರವು. ವೈದ್ಯರ ಬಳಿಗೆ ಹೋಗತಕ್ಕವರಾರೆಂಬುದನ್ನು ಬೇರ್ಪಡಿಸಿ ತೋರಿಸುವುವು. ೧೯೮೭ ರಲ್ಲಿ ಅಮೆರಿಕದಲ್ಲಿ ಲೆಸ್ಯೂರ್ ಮತ್ತು ಬ್ಲೂಮ್ ಎಂಬ ವಿದ್ವಾಂಸರು ಪ್ರಕಟಿಸಿದ ೨೦ ಪ್ರಶ್ನೆಗಳ ಪಟ್ಟಿಯು ಬಹುಕಾಲ ಬಳಕೆಯಲ್ಲಿದ್ದಿತು. ಐದು ಅಥವಾ ಹೆಚ್ಚು ಅಂಕಗಳು ಬಂದರೆ ವ್ಯಾಧಿಯಿರುವ ಸಂಭವ ಹೆಚ್ಚೆಂದು ಅದರ ನಿಯಮ. ೨೦೦೧ ರಲ್ಲಿ ಕೆನಡಾ ದೇಶದಲ್ಲಿ ಸಿದ್ಧವಾದ ೯ ಪ್ರಶ್ನೆಗಳ ಪಟ್ಟಿಯು ಈಗ ಹೆಚ್ಚು ಪ್ರಚಾರದಲ್ಲಿದೆ. ಕಳೆದ ಹನ್ನೆರಡು ತಿಂಗಳುಗಳನ್ನು ನೆನೆದು, ಎಂದೂ ಇಲ್ಲ ಎಂಬುದಕ್ಕೆ ೦ ಯಿಂದ, ಯಾವಾಗಲೂ ಎಂಬುದಕ್ಕೆ ೩ ರವರೆಗೆ ಒಂದೊಂದು ಪ್ರಶ್ನೆಗೂ ಅಂಕ ಹಾಕಬೇಕು. ಒಟ್ಟು ೧ ಅಥವಾ ೨ ಆದರೆ ಅಪಾಯವು ಅಲ್ಪ. ೩ ರಿಂದ ೭ ರವರೆಗೆ ಮಧ್ಯಮ. ೮ ಅಥವಾ ಅದಕ್ಕೆ ಮೇಲಾದರೆ ಜೂಜು ಅವನನ್ನು ಆಳುತ್ತಿದೆಯೆಂದು ತಿಳಿಯಬೇಕು. ಕಳೆದುಕೊಳ್ಳಲಾಗದ ಹಣವನ್ನು ಒಡ್ಡಿದಿರಾ, ನಷ್ಟವನ್ನು ಗೆಲ್ಲಲು ಮಾರನೆಯ ದಿನ ಹೋದಿರಾ, ಸಾಲ ಮಾಡಿದಿರಾ ಅಥವಾ ಏನನ್ನಾದರೂ ಮಾರಿದಿರಾ, ಜೂಜಿನಿಂದ ಮನೆಯ ಹಣಕಾಸಿಗೆ ತೊಂದರೆಯಾಯಿತೆ, ನಿಮ್ಮ ಆಟವನ್ನು ಕುರಿತು ಇತರರು ಆಕ್ಷೇಪಿಸಿದರೆ, ನಿಮಗೇ ತಪ್ಪೆನಿಸಿತೆ ಎಂಬುವು ಅದರಲ್ಲಿನ ಕೆಲವು ಪ್ರಶ್ನೆಗಳ ಸಾರಾಂಶ.

ಇವೆಲ್ಲಕ್ಕಿಂತ ಚಿಕ್ಕದಾದ ಪರೀಕ್ಷೆಯೊಂದು ೧೯೯೭ ರಲ್ಲಿ ಪ್ರಕಟವಾಯಿತು. ಅದರಲ್ಲಿರುವುವು ಎರಡೇ ಪ್ರಶ್ನೆಗಳು. ದಿನಹೋದಂತೆ ಹೆಚ್ಚುಹೆಚ್ಚು ಹಣವನ್ನು ಒಡ್ಡಬೇಕೆಂದು ಎಂದಾದರೂ ಅನಿಸಿದೆಯೇ? ಎಷ್ಟು ಆಡುತ್ತೀರೆಂಬುದನ್ನು ಕುರಿತು ನಿಮಗೆ ಬೇಕಾದವರಲ್ಲಿ ಸುಳ್ಳು ಹೇಳಬೇಕಾಗಿ ಬಂದಿದೆಯೇ? ಎರಡರಲ್ಲಿ ಒಂದಕ್ಕೆ ಹೌದೆಂದರೂ ಮುಂದೆ ವಿಚಾರಿಸತಕ್ಕುದು. ಗೃಹಸ್ಥರು ಈ ಎರಡನ್ನು ಕಂಠಪಾಠ ಮಾಡಿಕೊಂಡಿದ್ದರೆ ಸಾಕು.

ಅಮೆರಿಕದ ವೈದ್ಯರ ಪಟ್ಟಿಯಲ್ಲಿ ಈ ವ್ಯಾಧಿಗೆ ಒಂಬತ್ತು ಲಕ್ಷಣಗಳನ್ನು ಹೇಳಿದೆ. ಒಂದು ವರ್ಷದೊಳಗೆ ನಾಲ್ಕು ಕಂಡರೆ ರೋಗವೆಂದು ನಿರ್ಣಯ. ಹೆಚ್ಚುಹೆಚ್ಚು ಒಡ್ಡುವುದು, ಬಿಡಲೆತ್ನಿಸಿದರೆ ಚಡಪಡಿಸುವುದು, ಬಿಡಲು ಮತ್ತೆ ಮತ್ತೆ ಯತ್ನಿಸಿ ಸೋಲುವುದು, ಸದಾ ಅದರ ಧ್ಯಾನ, ದುಃಖವಾದಾಗ ಆಟದ ಮೊರೆಹೋಗುವುದು, ನಷ್ಟವನ್ನು ಬೆನ್ನಟ್ಟುವುದು ಇವು ಆರು. ಉಳಿದ ಮೂರು ಯಾವುವೆಂದರೆ: ಸುಳ್ಳು ಹೇಳುವುದು, ಸಂಬಂಧವನ್ನೊ ಉದ್ಯೋಗವನ್ನೊ ಕಳೆದುಕೊಳ್ಳುವ ಸ್ಥಿತಿಗೆ ಬರುವುದು, ಹಣಕ್ಕಾಗಿ ಬೇರೆಯವರನ್ನು ಆಶ್ರಯಿಸುವುದು. ಈ ಮೂರೂ ಇನ್ನೊಬ್ಬರಿಲ್ಲದೆ ನಡೆಯತಕ್ಕವಲ್ಲ. ಸುಳ್ಳಿಗೆ ಕೇಳುವವರು ಬೇಕು, ಸಾಲಕ್ಕೆ ಕೊಡುವವರು ಬೇಕು. ಆದುದರಿಂದ ರೋಗದ ಮೂರರಲ್ಲೊಂದು ಪಾಲು ವೈದ್ಯರ ಕೊಠಡಿಗಿಂತ ಮೊದಲು ಮನೆಯ ಪಡಸಾಲೆಯಲ್ಲಿಯೇ ಕಾಣುವುದು. ಸಂಬಳದ ದಿನ ಹಿಂದೆಮುಂದೆ ಹೇಳುವುದು, ಮೊಬೈಲನ್ನು ಬೋರಲಾಗಿ ಇಡುವುದು, ಆಟದ ಪಂದ್ಯವಿರುವ ರಾತ್ರಿ ಕಾರಣವಿಲ್ಲದೆ ಸಿಡುಕುವುದು ಅಥವಾ ಕಾರಣವಿಲ್ಲದೆ ಉದಾರವಾಗುವುದು, ಶಾಲೆಯ ಶುಲ್ಕ ಕಟ್ಟಿದ್ದೇನೆಂದು ಹೇಳಿ ರಸೀದಿ ತೋರಿಸದಿರುವುದು ಇಂತಹವನ್ನು ಕಾಣುವವರು ಮನೆಯವರೇ. ಜೂಜುಗಾರನೆಂದೊಡನೆ ಗಂಡಸನ್ನೇ ನೆನೆಯುವುದೂ ತಪ್ಪು. ಹೆಂಗಸರಿಗೂ ಈ ವ್ಯಾಧಿಯು ಬರುವುದುಂಟು, ಅವರು ಅದನ್ನು ಇನ್ನೂ ಆಳವಾಗಿ ಬಚ್ಚಿಡುವರು.

ಇನ್ನೊಂದು ಸಂಗತಿಯನ್ನು ಹಿರಿಯರಿರುವ ಮನೆಗಳಲ್ಲಿ ಅವಶ್ಯವಾಗಿ ತಿಳಿದಿರಬೇಕು. ನಡುಗುವಾತವೆಂದು ಹೇಳುವ ಪಾರ್ಕಿನ್‌ಸನ್ ರೋಗಕ್ಕೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮೊದಲಾದ ಔಷಧಗಳಿಂದ, ಜನ್ಮದಲ್ಲಿ ಎಂದೂ ಜೂಜಾಡದವರಿಗೆ ತಡೆಯಲಾರದ ಜೂಜಿನ ಆಸೆ ಹುಟ್ಟುವುದುಂಟು. ಅಂತಹವರನ್ನು ನಿಂದಿಸುವುದು ಅನ್ಯಾಯ. ಔಷಧವನ್ನು ತಾವಾಗಿ ನಿಲ್ಲಿಸದೆ, ಕೂಡಲೆ ವೈದ್ಯರಿಗೆ ತಿಳಿಸಬೇಕು. ಅವರು ಪ್ರಮಾಣವನ್ನೊ ಔಷಧವನ್ನೊ ಬದಲಾಯಿಸುವರು.

ಜೂಜಿನ ಪೆಟ್ಟು ಆಡಿದವನೊಬ್ಬನ ಮೇಲೆ ಬೀಳುವುದಿಲ್ಲ. ಆಸ್ಟ್ರೇಲಿಯದಲ್ಲಿ ೨೦೧೭ ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಈ ವ್ಯಾಧಿಯುಳ್ಳ ಒಬ್ಬನಿಂದ ಸುಮಾರು ಆರು ಮಂದಿ ಬಾಧೆಗೊಳ್ಳುವರು. ನಮ್ಮ ಅವಿಭಕ್ತ ಸಂಸಾರಗಳಲ್ಲಿ ಆ ಆರು ಮಂದಿಯು ಯಾರಾರೆಂದು ಹುಡುಕಬೇಕಾದುದಿಲ್ಲ. ಹೆಂಡತಿಯಾದವಳು ಕಾವಲುಗಾರ್ತಿಯಾಗುವಳು, ಅಂಗಿಯ ಜೇಬು, ಮೊಬೈಲಿನ ಗಂಟೆಯ ಸದ್ದು, ಅಂಚೆಯವನ ಕೂಗು, ಎಲ್ಲವೂ ಅವಳಿಗೆ ಸಂದೇಹವೇ. ಸೆರೆಮನೆಯ ಕಾವಲಿನವನಿಗೂ ಸೆರೆಯಾಳಿಗೂ ಇರುವ ಸಂಬಂಧವು ಗಂಡಹೆಂಡಿರಲ್ಲಿ ಬಂದ ಮೇಲೆ ಅಲ್ಲಿ ಪ್ರೀತಿಗೆ ಸ್ಥಳವೆಲ್ಲಿ? ತಂದೆತಾಯಿಗಳು ಮಗನ ಹೆಸರು ಕೆಡಬಾರದೆಂದು ನೆಂಟರಲ್ಲಿ ಸುಳ್ಳು ಹೇಳಲು ಕಲಿಯುವರು. ಮಕ್ಕಳಿಗೆ ಯಾರೂ ಏನನ್ನೂ ಹೇಳುವುದಿಲ್ಲ. ಆದರೂ ಅವರು ಎಲ್ಲವನ್ನೂ ಅರಿತು, ಹೊಸ ಚೀಲ ಬೇಕೆಂದು ಕೇಳುವುದನ್ನು ಬಿಟ್ಟುಬಿಡುವರು. ಹೋದ ಹಣವು ದುಡಿದರೆ ಬಂದೀತು. ಸುಳ್ಳಿನಿಂದ ಹೋದ ನಂಬಿಕೆಯನ್ನು ಮರಳಿ ಪಡೆಯುವುದು ಬಹುಕಾಲದ ಕೆಲಸ.

ಹೆಂಡತಿಯ ಸ್ತ್ರೀಧನವನ್ನು ಅವಳ ಒಪ್ಪಿಗೆಯಿಲ್ಲದೆ ವಿಲೇವಾರಿ ಮಾಡುವುದೂ, ಮನೆಯ ಖರ್ಚಿಗೆ ಹಣವಿಲ್ಲದಂತೆ ಮಾಡುವುದೂ ೨೦೦೫ನೆಯ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯಿದೆಯಂತೆ ಆರ್ಥಿಕ ಹಿಂಸೆಯೆನಿಸುವುವು. ಹೊಡೆತ ಬಡಿತಗಳಿದ್ದರಂತೂ ರೋಗವೆಂಬ ನೆಪದಿಂದ ಸಹಿಸಿಕೊಂಡಿರಬೇಕಾದುದಿಲ್ಲ. ರೋಗಿಯ ಮೇಲೆ ಕನಿಕರವಿರಲಿ. ತನ್ನ ಮತ್ತು ಮಕ್ಕಳ ರಕ್ಷಣೆಯು ಅದಕ್ಕಿಂತ ಮೊದಲು.

ಸಂದೇಹ ಬಂದಾಗ ಕೇಳುವುದು ಹೇಗೆ? ಸೋತು ಬಂದ ರಾತ್ರಿ ಬಾಗಿಲಲ್ಲಿಯೇ ನಿಲ್ಲಿಸಿ ಕೇಳಿದರೆ ಮತ್ತೊಂದು ಸುಳ್ಳು ಬರುವುದಷ್ಟೆ. ನೆಂಟರೆದುರಿಗೆ ಕೇಳಿದರೆ ಮಾನದ ಪ್ರಶ್ನೆಯಾಗಿ ಜಗಳವಾಗುವುದು. ಮಕ್ಕಳು ಮಲಗಿದ ಮೇಲೆ, ಮನಸ್ಸು ಶಾಂತವಾಗಿರುವ ದಿನ, ಕಂಡುದನ್ನು ಕಂಡಂತೆ ಹೇಳಿ ಕೇಳಬೇಕು. ನೀವು ಜೂಜುಕೋರರು ಎನ್ನುವುದಕ್ಕಿಂತ, ಈ ಚೀಟಿ ಸಿಕ್ಕಿತು, ನನಗೆ ಭಯವಾಗಿದೆ, ನಿಜವೇನು ಹೇಳಿ ಎನ್ನುವುದು ಮೇಲು. ಮೊದಲ ಸಲ ಪೂರ್ತಿ ನಿಜವು ಹೊರಬೀಳುವುದು ಅಪೂರ್ವ; ಅರ್ಧ ಸಾಲವನ್ನು ಹೇಳಿ ಅರ್ಧವನ್ನು ಮುಚ್ಚಿಡುವುದು ಈ ವ್ಯಾಧಿಯ ವಾಡಿಕೆ. ಸಾಲದ ಪಟ್ಟಿಯನ್ನು ಕಾಗದದ ಮೇಲೆ ಬರೆಯಿಸಿಕೊಳ್ಳುವುದು ಒಳ್ಳೆಯದು.

ಬಳಿಕ ಮಾಡತಕ್ಕುದೇನೆಂಬುದಕ್ಕೆ ನಮ್ಮ ಪುರಾಣದಲ್ಲಿಯೇ ಒಬ್ಬ ಗೃಹಿಣಿಯ ಆದರ್ಶವುಂಟು. ವನಪರ್ವದಲ್ಲಿ ಬರುವ, ನಮ್ಮ ಕನಕದಾಸರು ನಳಚರಿತ್ರೆಯಾಗಿ ಹಾಡಿದ ಕಥೆಯಲ್ಲಿ, ನಳನು ಪುಷ್ಕರನೊಡನೆ ಜೂಜಿಗೆ ಕುಳಿತು ಮೈಮರೆತಾಗ ದಮಯಂತಿಯು ಮೊದಲು ಮಂತ್ರಿಗಳನ್ನೂ ಪುರಜನರನ್ನೂ ಕರೆಯಿಸಿ ಬುದ್ಧಿ ಹೇಳಿಸಿದಳು. ಅವನು ಕೇಳಲಿಲ್ಲ. ಆಗ ಅವಳು ಅಳುತ್ತ ಕೂಡದೆ, ಸಾರಥಿಯಾದ ವಾರ್ಷ್ಣೇಯನನ್ನು ಕರೆದು, ಇಬ್ಬರು ಮಕ್ಕಳನ್ನೂ ರಥದಲ್ಲಿ ಕುಳ್ಳಿರಿಸಿ ವಿದರ್ಭದ ತನ್ನ ತೌರಿಗೆ ಕಳುಹಿಸಿದಳು. ಗಂಡನನ್ನು ತೊರೆಯಲಿಲ್ಲ, ಮಕ್ಕಳನ್ನು ಪಣದಿಂದ ದೂರವಿರಿಸಿದಳು. ಇಂದಿನ ತಜ್ಞರು ಹೇಳುವುದೂ ಇದನ್ನೇ. ಮನೆಯ ಖರ್ಚಿನ ಹಣ, ಮಕ್ಕಳ ಹಣ, ಒಡವೆ, ಆಸ್ತಿಯ ಪತ್ರಗಳು ಇವು ಜೂಜಾಡುವವನ ಕೈಗೆ ಸಿಕ್ಕದಂತೆ ಮೊದಲು ಬೇರ್ಪಡಬೇಕು. ಅವನ ಸಾಲಕ್ಕೆ ಮನೆಯವರು ಜಾಮೀನು ನಿಲ್ಲಬಾರದು. ಸಾಲವನ್ನು ಒಂದೇ ಗಂಟಿನಲ್ಲಿ ತೀರಿಸಿಕೊಟ್ಟರೆ ಅವನ ಭಾರವು ಇಳಿಯುವುದು, ಪಾಠವು ಅಲ್ಲಿಗೇ ನಿಲ್ಲುವುದು; ಹೊಸ ಸಾಲಕ್ಕೆ ಸ್ಥಳವೂ ಆಗುವುದು. ಅವನೇ ಸಾಲಗಾರರನ್ನು ಕಂಡು, ತನ್ನ ದುಡಿಮೆಯಿಂದ ಕಂತುಕಂತಾಗಿ ತೀರಿಸುವುದು ನಿಧಾನವಾದರೂ ನಿಜವಾದ ದಾರಿ. ನಳನ ಕಥೆಯ ಕೊನೆಯನ್ನು ಮಾತ್ರ ಗೃಹಸ್ಥರು ಅನುಸರಿಸಲಾಗದು. ಅವನು ಋತುಪರ್ಣನಿಂದ ಅಕ್ಷವಿದ್ಯೆಯನ್ನು ಕಲಿತು ಮತ್ತೆ ಆಡಿ ಗೆದ್ದನು. ಮತ್ತೆ ಆಡಿ ಗೆಲ್ಲುವೆನೆಂಬ ಆ ನಂಬಿಕೆಯೇ ಈಗಿನವರ ರೋಗ.

ಚಿಕಿತ್ಸೆಯು ಉಂಟು. ಆಸೆಯು ಏಳುವ ಹೊತ್ತು, ಸ್ಥಳ, ಮನಸ್ಸಿನ ಸ್ಥಿತಿ ಇವುಗಳನ್ನು ಗುರುತಿಸಿಕೊಳ್ಳುವುದನ್ನೂ, ಗೆಲುವಿನ ಭ್ರಮೆಯ ಲೆಕ್ಕವನ್ನು ತಿದ್ದಿಕೊಳ್ಳುವುದನ್ನೂ ಕ್ರಮವಾಗಿ ಕಲಿಸುವ ಮಾತಿನ ಚಿಕಿತ್ಸೆಯಿಂದ ಅನೇಕರಿಗೆ ಗುಣವಾಗಿದೆ. ಕೆಲವರಿಗೆ ವೈದ್ಯರು ಔಷಧವನ್ನೂ ಕೊಡುವರು. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ೧೯೫೭ ರಲ್ಲಿ ಜೂಜು ಬಿಟ್ಟವರೇ ಕೂಡಿ ಒಬ್ಬರಿಗೊಬ್ಬರು ಆಸರೆಯಾಗುವ ಸಂಘವೊಂದನ್ನು ಕಟ್ಟಿದರು. ಅವರ ಮನೆಯವರಿಗಾಗಿ ಬೇರೊಂದು ಸಂಘವೂ ಮುಂದೆ ಹುಟ್ಟಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೊಬೈಲು ಮೊದಲಾದವುಗಳ ಅತಿಬಳಕೆಗೆ ಸಿಕ್ಕಿದವರಿಗೆಂದು ೨೦೧೪ ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವು ಆರಂಭವಾಯಿತು. ದೂರದ ಊರಿನವರಿಗೆ ೨೦೨೨ನೆಯ ಅಕ್ಟೋಬರ್ ೧೦ ರಂದು ಆರಂಭವಾದ ಟೆಲಿ ಮನಸ್ ಎಂಬ ಸರ್ಕಾರಿ ದೂರವಾಣಿ ಸೇವೆಯುಂಟು. ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು; ಹಣ ಕೊಡಬೇಕಾದುದಿಲ್ಲ. ರೋಗಿಯು ಒಪ್ಪದಿದ್ದರೆ ಮನೆಯವರೇ ಮೊದಲು ಸಲಹೆ ಕೇಳಬಹುದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಚಿಕಿತ್ಸೆಗೆ ಬಂದವರಲ್ಲಿ ಅರ್ಧದವರೆಗೆ ಸಾಯುವ ಯೋಚನೆಯನ್ನು ಮಾಡಿರುವರೆಂದೂ, ನೂರಕ್ಕೆ ಸುಮಾರು ೧೭ ಮಂದಿ ಅದಕ್ಕೆ ಯತ್ನಿಸಿರುವರೆಂದೂ ೨೦೧೩ ರ ಅಮೆರಿಕದ ವೈದ್ಯರ ಕೈಪಿಡಿಯು ಹೇಳುತ್ತದೆ. ಗುಟ್ಟು ಹೊರಬಿದ್ದ ದಿನಗಳಲ್ಲಿ ಅವನನ್ನು ಒಂಟಿಯಾಗಿ ಬಿಡಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಕೇಡಾಗುವುದಿಲ್ಲ. ಎಷ್ಟೋ ಸಲ ಆ ಪ್ರಶ್ನೆಯೇ ಪ್ರಾಣವನ್ನುಳಿಸುವುದು. ಸಾಲ ಎಷ್ಟೇ ಇರಲಿ, ಮನುಷ್ಯನು ಅದಕ್ಕಿಂತ ದೊಡ್ಡವನೆಂಬುದು ಆ ಹೊತ್ತಿನಲ್ಲಿ ಅವನ ಕಿವಿಗೆ ಬೀಳಬೇಕು.

ಸರ್ಕಾರವು ಸುಮ್ಮನಿಲ್ಲ. ೧೮೬೭ ರಷ್ಟು ಹಿಂದೆಯೇ ಸಾರ್ವಜನಿಕ ಜೂಜಿನ ಕಾಯಿದೆಯು ಬಂದಿತು. ಕರ್ನಾಟಕದಲ್ಲಿ ೨೦೦೭ ರಲ್ಲಿ ಲಾಟರಿಯು ನಿಂತಿತು. ಮೊಬೈಲಿನ ಜೂಜನ್ನು ತಡೆಯಲು ೨೦೨೧ ರಲ್ಲಿ ರಾಜ್ಯವು ಮಾಡಿದ ತಿದ್ದುಪಡಿಯ ಮುಖ್ಯಾಂಶಗಳನ್ನು ಉಚ್ಚ ನ್ಯಾಯಾಲಯವು ೨೦೨೨ನೆಯ ಫೆಬ್ರವರಿಯಲ್ಲಿ ರದ್ದುಪಡಿಸಿತು. ಬಳಿಕ ಹಣವನ್ನೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು ಮಾಡಿ, ೨೦೨೫ನೆಯ ಆಗಸ್ಟ್ ೨೨ ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತವಾಯಿತು. ಆಟವನ್ನು ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿಗಳವರೆಗೆ ದಂಡ ಎಂದು ಅದರಲ್ಲಿದೆ. ಜಾಹೀರಾತು ಮಾಡುವವರಿಗೂ ಶಿಕ್ಷೆಯುಂಟು. ಆಡಿದವನನ್ನು ಆ ಕಾಯಿದೆಯು ಶಿಕ್ಷಿಸುವುದಿಲ್ಲವಾದುದರಿಂದ, ಮನೆಯವರು ಅದಕ್ಕೆ ಹೆದರಿ ಚಿಕಿತ್ಸೆಯನ್ನು ಮುಂದೂಡಬೇಕಾದುದಿಲ್ಲ. ಆದರೆ ಕಾಯಿದೆಯು ಅಂಗಡಿಯನ್ನು ಮುಚ್ಚಿಸಬಲ್ಲುದೇ ಹೊರತು ಆಸೆಯನ್ನು ಮುಚ್ಚಿಸಲಾರದು. ಒಂದು ಬಾಗಿಲು ಮುಚ್ಚಿದರೆ ಓ.ಸಿ. ಬರೆಯುವವನ ಬಾಗಿಲೊ ಅಂದರ್ ಬಾಹರಿನ ಚಾಪೆಯೊ ತೆರೆದೇ ಇರುತ್ತದೆ.

ಇನ್ನು ಆ ಉಪಾಧ್ಯಾಯರ ಮನೆಗೆ ಹಿಂದಿರುಗುವ. ತೋಟವು ಮಾರಾಟವಾಗಲಿಲ್ಲ. ಹಿರಿಯರು ಮಗನನ್ನೂ ಸೊಸೆಯನ್ನೂ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋದರು. ವೈದ್ಯರು ಆ ಒಂಬತ್ತು ಪ್ರಶ್ನೆಗಳಿಗೆ ಮಗನಿಂದ ಉತ್ತರ ಬರೆಯಿಸಿ, ಸೊಸೆಯು ತಾನು ಕಂಡಂತೆ ಏನು ಬರೆಯುವಳೆಂಬುದನ್ನೂ ಬೇರೆಯಾಗಿ ಕೇಳಿದರು. ಮಗನ ಲೆಕ್ಕದಲ್ಲಿ ೬ ಬಂದಿತು, ಸೊಸೆಯ ಲೆಕ್ಕದಲ್ಲಿ ೧೫. “ಮೊದಲು ಈ ಎರಡು ಲೆಕ್ಕಗಳನ್ನು ಹತ್ತಿರ ತರೋಣ” ಎಂದು ವೈದ್ಯರು ಹೇಳಿದರಂತೆ. ಮೂರನೆಯ ಭೇಟಿಯಲ್ಲಿ ಮಗನು ತಾನಾಗಿ ತನ್ನ ಕಾಗದವನ್ನು ಕೇಳಿ ಪಡೆದು ೧೪ ಎಂದು ತಿದ್ದಿದನು. ಅತ್ತೆಯವರು ಅಂದು ರಾತ್ರಿ ಸೊಸೆಯ ಕೈಹಿಡಿದು, “ನೀನು ಅಂದೇ ಹೇಳಿದ್ದೆ ಕಣಮ್ಮ, ನನಗೇ ಕೇಳಿಸಲಿಲ್ಲ” ಎಂದರು.

ಈಗ ಸಂಬಳವು ಸೊಸೆಯ ಹೆಸರಿಗೆ ಹೋಗುತ್ತದೆ. ಜೊತೆಯ ಕೆಲಸದವನ ಸಾಲವು ಕಂತಿನಲ್ಲಿ ತೀರುತ್ತಿದೆ. ಆ ಕಂತನ್ನು ಮಗನೇ ತನ್ನ ಕೈಯಿಂದ ಕೊಟ್ಟು ಬರುತ್ತಾನೆ. ನಡುವೆ ಒಂದು ಸಲ ಅವನು ಜಾರಿದನು. ಎರಡು ಸಾವಿರ ರೂಪಾಯಿಗಳು ಹೋದುವು. ಅದೇ ರಾತ್ರಿ ಹೆಂಡತಿಗೆ ತಾನಾಗಿ ಹೇಳಿದನು. ಅವಳು ಸಿಟ್ಟುಮಾಡಿದಳು, ಅತ್ತಳು, ಬೆಳಗ್ಗೆ ವೈದ್ಯರಿಗೆ ಫೋನು ಮಾಡಿದಳು. ಪ್ರತಿ ತಿಂಗಳ ಮೊದಲ ಭ್ರಾನುವಾರ ಊಟವಾದ ಮೇಲೆ ಮನೆಯ ಲೆಕ್ಕದ ಪುಸ್ತಕವನ್ನು ತೆರೆದು ಎಲ್ಲರೂ ಕೂಡುವರು. ಆ ಎರಡು ಪ್ರಶ್ನೆಗಳನ್ನು ಅವಳು ಕೇಳುವಳು. ಅವನು ಉತ್ತರ ಹೇಳುವನು. ಸರವು ಇನ್ನೂ ಗಿರವಿಯಲ್ಲಿಯೇ ಇದೆ. ಈ ಸಲದ ವರಮಹಾಲಕ್ಷ್ಮಿಗೆ ನಾವು ಅರಿಶಿನ ಕುಂಕುಮಕ್ಕೆಂದು ಹೋದಾಗ, ದೇವಿಯ ಕೊರಳಲ್ಲಿ ಅಂಗಳದ ಸೇವಂತಿಗೆಯ ಮಾಲೆಯೊಂದೇ ಇದ್ದಿತು. ಅದನ್ನು ಮುಚ್ಚಿಡಲು ಯಾರೂ ಸುಳ್ಳು ಹೇಳಲಿಲ್ಲ.